ದಿನಕ್ಕೆ 24 ಗಂಟೆ ಸಾಲದವರಿಗೆ, ಜಾಸ್ತಿಯಾದವರಿಗೆ: ಓದುಗರ ಪ್ರಶ್ನೆ, ನೇರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತು ಹೇಳುತ್ತವೆ: ಟೈಮೇ ಇಲ್ಲ. ಉಳಿದವು ಅದರ ಉಲ್ಟಾ, ಹೊತ್ತೇ ಹೋಗುವುದಿಲ್ಲ ಅಂತ. ನಾನು ಮಾಡುವ ಕೆಲಸಕ್ಕೆ ಆಕ್ಯುಪೇಷನಲ್ ಥೆರಪಿ ಅನ್ನುತ್ತಾರೆ. ಪಾರ್ಶ್ವವಾಯು ಆದವರಿಗೆ ಮತ್ತೆ ಅಂಗಿಯ ಗುಂಡಿ ಹಾಕಲು ಕಲಿಸುವವರು ಅಂತ ಹೆಚ್ಚಿನವರಿಗೆ ನಮ್ಮ ಪರಿಚಯ. ಅದು ಹೌದು, ಆದರೆ ಅಷ್ಟೇ ಅಲ್ಲ. ಅಡಾಲ್ಫ್ ಮೇಯರ್ ಎಂಬ ಮನೋವೈದ್ಯರು 1922ರಲ್ಲೇ ಕೆಲಸ, ಆಟ, ವಿಶ್ರಾಂತಿ, ನಿದ್ದೆ ಈ ನಾಲ್ಕರ ಹದದ ಬಗ್ಗೆ ಬರೆದಿದ್ದರು. ಒಬ್ಬರ ಆರೋಗ್ಯ ನೋಡುವಾಗ ಅವರ ಇಡೀ ದಿನವನ್ನೇ ನೋಡುವ ನಮ್ಮ ಅಭ್ಯಾಸಕ್ಕೆ ಬುಡ ಅದು. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಮಾತ್ರೆಯ ಹೆಸರು ಸಿಗುವುದಿಲ್ಲ, ಅದು ನಿಮ್ಮ ಡಾಕ್ಟ್ರ ಕೆಲಸ. ದಿನವನ್ನು ಹೇಗೆ ಹೊಂದಿಸುವುದು ಅನ್ನುವುದಷ್ಟೇ ಇಲ್ಲಿದೆ.

ಪ್ರಶ್ನೆ: ನನಗೆ 44 ವರ್ಷ. ಮಂಗಳೂರಿನ ಕಾವೂರಿನಲ್ಲಿ ಮನೆ, ಹಂಪನಕಟ್ಟೆ ಹತ್ತಿರ ಆಫೀಸು. ಬೆಳಿಗ್ಗೆ 5ಕ್ಕೆ ಎದ್ದರೆ ರಾತ್ರಿ ಮಲಗುವಾಗ 11.30. ಮನೆಯಲ್ಲಿ ಯಜಮಾನರು, ಪಿಯುಸಿ ಓದುವ ಮಗ, ಎಂಟನೇ ಕ್ಲಾಸಿನ ಮಗಳು, 80 ದಾಟಿದ ಅತ್ತೆ. ಈಚೆಗೆ ಬಿಪಿ ಮಾತ್ರೆ ಶುರುವಾಗಿದೆ. ದಿನಾ 45 ನಿಮಿಷ ವಾಕಿಂಗ್ ಮಾಡಿ, ಟೆನ್ಶನ್ ಮಾಡ್ಬೇಡಿ ಅಂದರು ಡಾಕ್ಟ್ರು. ಜಿಮ್ಮಿಗೆ ದುಡ್ಡು ಕಟ್ಟಿದೆ, ಒಂದು ವಾರವೂ ಹೋಗಲು ಆಗಲಿಲ್ಲ. ಶನಿವಾರದ ಭಜನಾ ಮಂಡಳಿಯನ್ನೂ ಬಿಟ್ಟಿದ್ದೇನೆ. 45 ನಿಮಿಷ ಎಲ್ಲಿಂದ ತರಲಿ ಮೇಡಂ?

ಉತ್ತರ: ಅಕ್ಕ, ಇಲ್ಲದ 45 ನಿಮಿಷವನ್ನು ಯಾರಿಗೂ ತರಲು ಆಗುವುದಿಲ್ಲ. ನಿಮ್ಮ ದಿನ ತುಂಬಿಹೋಗಿದೆ. ಅದಕ್ಕೆ ಇನ್ನೊಂದು ಸೇರಿಸಬೇಕಾದರೆ ಮೊದಲು ಒಂದನ್ನು ತೆಗೆಯಬೇಕು. ನೀವು ಜಿಮ್ ಸೇರಿಸಿದಿರಿ, ಏನನ್ನೂ ತೆಗೆಯಲಿಲ್ಲ, ಹಾಗಾಗಿ ಅದು ತಾನಾಗಿಯೇ ಬಿದ್ದುಹೋಯಿತು. ಸೋಮಾರಿತನ ಅಂತ ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಮೊದಲು ಸುಲಭದ್ದು, ನಡಿಗೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಮಟ್ಟದ ಚಟುವಟಿಕೆ ಸಾಕು ಅಂತಿದೆ. ನಡೆಯುತ್ತಾ ಮಾತಾಡಬಹುದು, ಆದರೆ ಹಾಡಲು ಆಗದಷ್ಟು ಉಸಿರು ಏರಬೇಕು, ಅಷ್ಟು ಬಿರುಸು. ಒಂದೇ ಸಲ ಮಾಡಬೇಕೆಂದಿಲ್ಲ. ಒಮ್ಮೆಗೆ ಹತ್ತು ನಿಮಿಷವಾದರೂ ಆಗಬೇಕು ಅನ್ನುವ ಹಳೆಯ ಷರತ್ತನ್ನೂ ಆಗ ಕೈಬಿಟ್ಟರು. ಬೆಳಿಗ್ಗೆ ಬಸ್ಸಿನಿಂದ ಪಿವಿಎಸ್ ವೃತ್ತದ ಹತ್ತಿರವೇ ಇಳಿದು ಹಂಪನಕಟ್ಟೆಗೆ ಬಿರಬಿರನೆ ನಡೆದರೆ ಹೆಚ್ಚುಕಮ್ಮಿ ಹದಿನೈದು ನಿಮಿಷ. ಸಂಜೆ ಅಷ್ಟೇ ದೂರ ನಡೆದು ಬಸ್ ಹತ್ತಿದರೆ ಇನ್ನೊಂದು ಹದಿನೈದು. ವಾರಕ್ಕೆ ಐದು ದಿನ ಮಾಡಿದರೆ 150 ಆಯಿತು. ಹೇಗೂ ಆ ದಾರಿಯಲ್ಲಿ ಬಸ್ಸು ಟ್ರಾಫಿಕ್ಕಿನಲ್ಲಿ ನಿಂತೇ ಇರುತ್ತದೆ, ನಿಮಗೆ ತಡ ಆಗುವುದು ಕೆಲವೇ ನಿಮಿಷ. ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಒಳ್ಳೆಯ ಶೂ ತೆಗೆದುಕೊಳ್ಳಿ. ಹೀಗೆ ಮಾಡುತ್ತೇನೆ ಅಂತ ನಿಮ್ಮ ಡಾಕ್ಟ್ರಿಗೂ ಒಂದು ಮಾತು ಹೇಳಿ.

ಆದರೆ ನನಗೆ ಜಾಸ್ತಿ ಚಿಂತೆ ನಿಮ್ಮ ನಡಿಗೆಯದ್ದಲ್ಲ, ನಿದ್ದೆಯದ್ದು. 11.30ರಿಂದ 5, ಅಂದರೆ ಐದೂವರೆ ಗಂಟೆ. ದೊಡ್ಡವರಿಗೆ ಕಡಿಮೆಯೆಂದರೂ ಏಳು ಗಂಟೆ ಬೇಕು. ವರ್ಷಗಟ್ಟಲೆ ನಿದ್ದೆ ಕಮ್ಮಿಯಾದರೆ ಬಿಪಿ ಏರುತ್ತದೆ. ನಿದ್ದೆ ಕಡಿದು ಬೆಳಿಗ್ಗೆ 4.30ಕ್ಕೆ ವಾಕಿಂಗ್ ಹೊರಡುವ ಯೋಚನೆ ಇದ್ದರೆ ದಯವಿಟ್ಟು ಬೇಡ. ನಿಮಗೆ ಬೇಕಾಗಿರುವುದು ಒಂದೂವರೆ ಗಂಟೆ. ಅಷ್ಟು ಹೊತ್ತು ನಿಮ್ಮ ಮನೆಯ ಉಳಿದ ನಾಲ್ಕು ಜನರ ಹತ್ತಿರ ಇದೆ.

ಕೇಂದ್ರ ಸರಕಾರ 2024ರಲ್ಲಿ ಮಾಡಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ ಅಂತ ಲೆಕ್ಕ ಬಂದಿದೆ. ನಿಮ್ಮ ಮನೆಯ ಲೆಕ್ಕವನ್ನು ನೀವೇ ಹಾಕಿ. ಒಂದು ಹಾಳೆಯಲ್ಲಿ ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಅರ್ಧರ್ಧ ಗಂಟೆಗೆ ಏನು ಮಾಡಿದಿರಿ ಬರೆಯಿರಿ. ಒಂದು ಆಫೀಸಿನ ದಿನ, ಒಂದು ಭಾನುವಾರ, ಎರಡು ಹಾಳೆ ಸಾಕು. ಆಮೇಲೆ ಮಗಳ ಸ್ಕೆಚ್ ಪೆನ್ ತೆಗೆದುಕೊಳ್ಳಿ. ನೀವೇ ಮಾಡಬೇಕಾದ್ದಕ್ಕೆ ಕೆಂಪು. ಯಾರು ಮಾಡಿದರೂ ನಡೆಯುವುದಕ್ಕೆ ಹಸಿರು. ಯಾರೂ ಮಾಡದಿದ್ದರೂ ಏನೂ ಆಗದ್ದಕ್ಕೆ ಬರೇ ಒಂದು ಗೆರೆ. ಅಂಗಿ, ಚಾದರ ಎಲ್ಲ ಇಸ್ತ್ರಿ ಮಾಡುವುದು, ಮಧ್ಯಾಹ್ನಕ್ಕೆ ಒಂದು, ರಾತ್ರಿಗೆ ಬೇರೆಯೇ ಸಾರು ಮಾಡುವುದು, ಇಂಥದ್ದು ಎಲ್ಲರ ಹಾಳೆಯಲ್ಲೂ ಇರುತ್ತದೆ. ಹಸಿರು ಎಷ್ಟಿದೆ ಅಂತ ಮನೆಯವರೆಲ್ಲ ಕೂತು ನೋಡಲಿ.

ಇನ್ನು ಹಂಚುವ ವಿಷಯ. "ಸ್ವಲ್ಪ ಸಹಾಯ ಮಾಡಿ" ಅಂತ ಕೇಳಬೇಡಿ. ಸಹಾಯ ಅಂದ ಕೂಡಲೇ ಕೆಲಸ ನಿಮ್ಮದಾಗಿಯೇ ಉಳಿಯುತ್ತದೆ, ನೆನಪು ಮಾಡುವ ತಲೆನೋವೂ ನಿಮ್ಮದೇ. ಒಂದು ಕೆಲಸವನ್ನು ಬುಡದಿಂದ ತುದಿಯವರೆಗೆ ಬಿಟ್ಟುಕೊಡಿ. ವಾರಕ್ಕೆ ಮೂರು ದಿನ ಬೆಳಗಿನ ತಿಂಡಿ ಯಜಮಾನರದ್ದು ಅಂತಾದರೆ, ನೀರುದೋಸೆಗೆ ರಾತ್ರಿಯೇ ಬೆಳ್ತಿಗೆ ಅಕ್ಕಿ ನೆನೆಹಾಕುವುದು ಅವರದ್ದು, ಬೆಳಿಗ್ಗೆ ಕಾಯಿ ತುರಿದು ಹಾಕಿ ಕಡೆಯುವುದು ಅವರದ್ದು, ಕಾವಲಿ ತೊಳೆದಿಡುವುದೂ ಅವರದ್ದು. ಅಕ್ಕಿ ನೆನೆಹಾಕಲು ಮರೆತರೆ ಆ ದಿನ ಅವಲಕ್ಕಿ ಆಗಲಿ. ನೀವು ಎದ್ದು ಹೋಗಬೇಡಿ. ಮೊದಲ ವಾರ ದೋಸೆ ಕಾವಲಿಗೆ ಅಂಟಿಕೊಳ್ಳುತ್ತದೆ, ಸಿಂಕ್ ತುಂಬಾ ಹಿಟ್ಟು ಚೆಲ್ಲುತ್ತದೆ, ನಿಮಗೆ ಕೈ ತುರಿಸುತ್ತದೆ. ತಡೆದುಕೊಳ್ಳಿ. ಆ ಮೂರು ದಿನ ಆರೂವರೆವರೆಗೆ ಮಲಗಿ. ರಾತ್ರಿಯ ಪಾತ್ರೆ ಮಗನಿಗೆ ಹೋಗಲಿ. ಪಿಯುಸಿ ಓದುವವನಿಗೆ ಇಪ್ಪತ್ತು ನಿಮಿಷ ಪಾತ್ರೆ ತೊಳೆದರೆ ಮಾರ್ಕ್ ಕಮ್ಮಿಯಾಗುವುದಿಲ್ಲ. ಹಾಗಾದರೆ ಉಳಿದ ದಿನವೂ ಹತ್ತೂವರೆಗೆ ದೀಪ ಆರಿಸಬಹುದು.

ಅತ್ತೆಯವರಿಗೂ ಕೆಲಸ ಕೊಡಿ. ಪಾಪ, ವಯಸ್ಸಾಯಿತು ಅಂತ ಕೂರಿಸಿಡುವುದು ಅವರಿಗೆ ಒಳ್ಳೆಯದಲ್ಲ. ಬಸಳೆ ಸೊಪ್ಪು ಬಿಡಿಸುವುದು, ಬೆಳ್ಳುಳ್ಳಿ ಸುಲಿಯುವುದು, ಒಣಗಿದ ಬಟ್ಟೆ ಮಡಚುವುದು ಇವು ಕೂತು ಮಾಡುವ ಕೆಲಸಗಳು. ಅವರ ಕೈ ಆಡುತ್ತದೆ, ಮನೆಗೆ ಇನ್ನೂ ಬೇಕಾದವಳು ನಾನು ಅಂತ ಅವರಿಗೂ ಅನಿಸುತ್ತದೆ.

ಮತ್ತೆ ಆ ಶನಿವಾರದ ಭಜನೆ. ಅದಕ್ಕೆ ವಾಪಸು ಹೋಗಿ. ಸಂಸಾರದಲ್ಲಿ ಟೈಮ್ ಕಮ್ಮಿಯಾದಾಗ ಹೆಂಗಸರು ಮೊದಲು ಬಿಡುವುದು ಇಂಥದ್ದನ್ನೇ, ಅದು ನನಗೆ ಬಹಳ ಬೇಸರದ ವಿಷಯ. ವಾರಕ್ಕೊಂದು ಸಲ ಹತ್ತು ಜನರ ಜೊತೆ ಕೂತು ಬಾಯಿಬಿಟ್ಟು ಹಾಡುವುದು ಟೆನ್ಶನ್ ಕಮ್ಮಿ ಮಾಡಲು ನೀವೇ ಕಂಡುಕೊಂಡಿದ್ದ ದಾರಿ. ಡಾಕ್ಟ್ರು ಹೇಳಿದ್ದೂ ಅದನ್ನೇ ಅಲ್ವಾ? ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ.

ಪ್ರಶ್ನೆ: ನನ್ನ ಗಂಡ ದುಬೈಯಲ್ಲಿ ಹೋಟೆಲಿನಲ್ಲಿದ್ದಾರೆ. ಕೆಲಸ ಮುಗಿಸಿ ಫೋನ್ ಮಾಡುವುದು ಅಲ್ಲಿನ ರಾತ್ರಿ 10ಕ್ಕೆ. ಮಾತು ಮುಗಿಯುವಾಗ ಇಲ್ಲಿ 12.15 ಆಗುತ್ತದೆ, ಆಮೇಲೆ ನಿದ್ದೆ ಬರುವುದಿಲ್ಲ, ಮೊಬೈಲ್ ನೋಡುತ್ತಾ ಒಂದು ಗಂಟೆ. ಶಾಲೆ ಇರುವಾಗ 5.30ಕ್ಕೆ ಏಳಬೇಕು. ಹಗಲಿಡೀ ತಲೆ ಭಾರ, ಮಗುವಿನ ಮೇಲೆ ಸಿಟ್ಟು. ಆ ಫೋನ್ ಒಂದೇ ನನಗೆ ಆಧಾರ, ಅದನ್ನು ಬಿಡಿ ಅನ್ನಬೇಡಿ. — ಕಾಪು

ಉತ್ತರ: ಬಿಡಿ ಅನ್ನುವುದಿಲ್ಲ. ಹೊತ್ತು ಬದಲಿಸಿ. ನಮಗೂ ದುಬೈಗೂ ಒಂದೂವರೆ ಗಂಟೆ ವ್ಯತ್ಯಾಸ, ಅಲ್ಲಿ ಹಿಂದೆ. ರಾತ್ರಿ ಅದು ನಿಮಗೆ ಕಷ್ಟ, ಬೆಳಿಗ್ಗೆ ಅದೇ ಅನುಕೂಲ. ಹೋಟೆಲ್ ಕೆಲಸದವರು ಅಲ್ಲಿ 8ಕ್ಕೆ ಎದ್ದರೆ ಇಲ್ಲಿ 9.30. ಮಗು ಶಾಲೆಗೆ ಹೋಗಿ, ಮನೆ ಗುಡಿಸಿ, ನೀವು ಚಾ ಹಿಡಿದು ಕೂರುವ ಹೊತ್ತು. ಗಂಡ ಹೆಂಡತಿ ಮಾತಾಡಬೇಕಾದ್ದು, ಸಾಲ, ಅತ್ತೆ ಮನೆ, ಊರಿನ ಜಾಗದ ವಿಷಯ ಎಲ್ಲ ಆಗ ಮಾತಾಡಿ. ಸಂಜೆ ಅವರಿಗೆ ಬ್ರೇಕ್ ಇದ್ದರೆ, ಅಲ್ಲಿ 4 ಅಂದರೆ ಇಲ್ಲಿ 5.30, ಮಗು ಶಾಲೆಯಿಂದ ಬಂದಿರುತ್ತದೆ, ಅಪ್ಪನ ಮುಖ ನೋಡಲಿ. ರಾತ್ರಿ ಅವರು ಕೆಲಸ ಮುಗಿಸಿ ಒಂದು ವಾಯ್ಸ್ ಮೆಸೇಜ್ ಕಳಿಸಲಿ, ನೀವು ಬೆಳಿಗ್ಗೆ ಎದ್ದು ಕೇಳಿ. ಮರುದಿನ ರಜೆ ಇದ್ದರೆ ಮಾತ್ರ ಮಧ್ಯರಾತ್ರಿವರೆಗೆ ಮಾತಾಡಿ. ಈಗ ಶಾಲೆಗೆ ರಜೆ ಇದೆ. ಈ ಬದಲಾವಣೆ ಈಗಲೇ ಶುರುಮಾಡಿ, ಜೂನ್‌ಗೆ ಕಾಯಬೇಡಿ, ಅವರಿಗೂ ರೂಢಿ ಆಗಲು ಸ್ವಲ್ಪ ದಿನ ಬೇಕು. ಇದು ನಿಮ್ಮಿಬ್ಬರ ನಡುವೆ ಮನಸ್ಸಿಗೆ ನೋವಾಗದ ಹಾಗೆ ಆಗಬೇಕು. "ನನಗೆ ನಿದ್ದೆ ಬರುತ್ತದೆ" ಅಂತ ರಾತ್ರಿ ಫೋನ್ ಇಡುವುದಕ್ಕಿಂತ, "ಬೆಳಿಗ್ಗೆಯಾದರೆ ನಿಮ್ಮ ಜೊತೆ ಸರಿಯಾಗಿ ಮಾತಾಡಬಹುದು" ಅಂತ ಮೊದಲೇ ಹೇಳಿ. ಅದು ನಿಜವೂ ಹೌದು.

ಸಂಜೆ 4ರ ನಂತರ ಚಾ, ಕಾಫಿ ಬೇಡ. ಅದರಲ್ಲಿರುವ ಕೆಫೀನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಮೊಬೈಲ್ ಚಾರ್ಜಿಗೆ ಹಾಕುವ ಜಾಗ ಚಾವಡಿಯಲ್ಲಿರಲಿ, ಮಲಗುವ ಕೋಣೆಯಲ್ಲಿ ಬೇಡ.

ಇನ್ನೊಂದು ಮಾತು. ಆ ಫೋನ್ ಒಂದೇ ಆಧಾರ ಅಂತ ಬರೆದಿದ್ದೀರಲ್ಲ, ಅದು ಒಂದೇ ಆಗಿರುವುದೇ ತೊಂದರೆ. ವಾರಕ್ಕೆ ಎರಡು ಸಂಜೆಯಾದರೂ ಮಗುವನ್ನು ಕರೆದುಕೊಂಡು ಲೈಟ್‌ಹೌಸ್ ಬೀಚಿಗೆ ಹೋಗಿ, ಪಕ್ಕದ ಮನೆಯ ಇನ್ನೊಬ್ಬರನ್ನೂ ಕರೆಯಿರಿ. ಗಂಡ ಹೊರದೇಶದಲ್ಲಿರುವ ಹೆಂಗಸರು ನಿಮ್ಮ ಕೇರಿಯಲ್ಲೇ ಇನ್ನೂ ಇರುತ್ತಾರೆ. ಒಂದು ತಿಂಗಳಾದರೂ ಸಿಟ್ಟು, ಅಳು, ಸುಸ್ತು ಇಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರಕಾರದ ಉಚಿತ ಸೇವೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಪ್ರಶ್ನೆ: ದಿನಕ್ಕೆ 10,000 ಹೆಜ್ಜೆ ಆಗಲೇಬೇಕಾ? ಮಳೆಗಾಲದಲ್ಲಿ ಏನು ಮಾಡುವುದು? — ಮಣ್ಣಗುಡ್ಡೆ

ಉತ್ತರ: ಆಗಲೇಬೇಕೆಂದಿಲ್ಲ. ಆ ಸಂಖ್ಯೆ ಬಂದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ, ವೈದ್ಯಕೀಯ ಸಂಶೋಧನೆಯಿಂದಲ್ಲ. ಈಗ ನೀವು ಎಷ್ಟು ನಡೆಯುತ್ತೀರೋ ಅದಕ್ಕಿಂತ ಸಾವಿರ ಜಾಸ್ತಿ ನಡೆಯಿರಿ, ಅದು ಸಲೀಸಾದ ಮೇಲೆ ಮುಂದಿನದ್ದು. ಮಳೆಗೆ ಕದ್ರಿ ಪಾರ್ಕೂ ಇಲ್ಲ, ಬೀಚೂ ಇಲ್ಲ, ನಿಜ. ಫ್ಲ್ಯಾಟ್ ಆದರೆ ಮೆಟ್ಟಿಲು ಹತ್ತಿಳಿಯಿರಿ, ಮನೆಯಾದರೆ ಜಗಲಿಯ ಉದ್ದಕ್ಕೆ ನಡೆಯಿರಿ. ವಾರಕ್ಕೆ ಎರಡು ದಿನ ಕೈಕಾಲಿಗೆ ಬಲ ಬರುವ ವ್ಯಾಯಾಮವೂ ಬೇಕು, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದರಿಂದ ಶುರುಮಾಡಬಹುದು. 65 ದಾಟಿದವರಿಗೆ ವಾರಕ್ಕೆ ಮೂರು ದಿನ ಬ್ಯಾಲೆನ್ಸಿನ ವ್ಯಾಯಾಮ. ಪಾಚಿ ಕಟ್ಟಿದ ಅಂಗಳದಲ್ಲಿ ಮಾತ್ರ ವಾಕಿಂಗ್ ಬೇಡ. ಒಂದು ಸಲ ಜಾರಿ ಸೊಂಟ ಮುರಿದರೆ ತಿಂಗಳುಗಟ್ಟಲೆ ಮಲಗಬೇಕಾಗುತ್ತದೆ.

ಪ್ರಶ್ನೆ: ನಾನು ಡಿಗ್ರಿ ಓದುವ ಹುಡುಗಿ, ಮಲ್ಪೆ. ಅಪ್ಪ ಆಳಸಮುದ್ರದ ಬೋಟಿಗೆ ಹೋಗುವವರು, ವಯಸ್ಸು 52. ಕಡಲಿನಲ್ಲಿದ್ದಾಗ ಏನೂ ತೊಂದರೆ ಇಲ್ಲ. ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ಜೂನ್, ಜುಲೈ ಬೋಟು ದಡಕ್ಕೆ ಬಂದರೆ ನಮಗೆ ಹೆದರಿಕೆ. ಹಗಲೆಲ್ಲ ಮಲಗುತ್ತಾರೆ, ಸಂಜೆ ಕುಡಿಯುತ್ತಾರೆ, ರಾತ್ರಿ ಜಗಳ. ಅಪ್ಪ ಕೆಟ್ಟವರಲ್ಲ. ಏನು ಮಾಡಬಹುದು?

ಉತ್ತರ: ಅಪ್ಪ ಕೆಟ್ಟವರಲ್ಲ ಅನ್ನುವ ಮಾತು ಓದಿ ನನಗೆ ನಿಮ್ಮ ಮೇಲೂ ಅವರ ಮೇಲೂ ಪ್ರೀತಿ ಬಂತು ಮಗಳೇ. ಈ ಪತ್ರ ಬರೆದದ್ದು ಬಹಳ ಒಳ್ಳೆಯದಾಯಿತು. ಜೂನ್ 1ಕ್ಕೆ ಇನ್ನು ಸ್ವಲ್ಪವೇ ದಿನ ಇದೆ.

ಕೆಲಸ ಜಾಸ್ತಿಯಾದರೆ ಆರೋಗ್ಯ ಕೆಡುತ್ತದೆ ಅಂತ ಎಲ್ಲರಿಗೂ ಗೊತ್ತು. ಕೆಲಸ ಇಲ್ಲದಿದ್ದರೂ ಅಷ್ಟೇ ಕೆಡುತ್ತದೆ, ಅದನ್ನು ಯಾರೂ ಗಮನಿಸುವುದಿಲ್ಲ. ಹತ್ತು ತಿಂಗಳು ನಿಮ್ಮಪ್ಪನ ದಿನವನ್ನು ನಡೆಸುವುದು ಬಲೆ. ಬಲೆ ಬಿಡುವಾಗ, ಎಳೆಯುವಾಗ ಎಚ್ಚರ, ನಡುವೆ ಸಿಕ್ಕಿದಷ್ಟು ನಿದ್ದೆ, ಮತ್ತೆ ಮೀನು ಬೇರೆ ಮಾಡಿ ಐಸ್ ಹಾಕುವುದು. ಯಾವಾಗ ಏಳಬೇಕು, ಯಾವಾಗ ಉಣ್ಣಬೇಕು ಅಂತ ಅವರು ಯೋಚನೆ ಮಾಡಬೇಕಾಗಿಯೇ ಇಲ್ಲ. ಜೊತೆಗೆ ತಂಡದವರು, ಬೋಟು ನಡೆಸುವ ತಂಡೇಲನ ಮಾತು, ಕೈಯಲ್ಲೊಂದು ಕಸುಬು. ಮೇ 31ಕ್ಕೆ ಅದೆಲ್ಲ ಒಂದೇ ದಿನಕ್ಕೆ ನಿಲ್ಲುತ್ತದೆ. ಮುಂದೆ 61 ದಿನ ಖಾಲಿ. ಹೊರಗೆ ಮಳೆ, ಕೈಯಲ್ಲಿ ದುಡ್ಡಿನ ಓಡಾಟವೂ ಕಮ್ಮಿ. ಇಷ್ಟು ದೊಡ್ಡ ಖಾಲಿಯನ್ನು ಒಬ್ಬ ಮನುಷ್ಯ ಸುಮ್ನೆ ಕೂತು ತುಂಬಿಸುವುದು ಕಷ್ಟ.

ಮೊದಲ ನಾಲ್ಕೈದು ದಿನ ಮಲಗಲಿ, ಎಬ್ಬಿಸಬೇಡಿ. ಬಾಕಿ ನಿದ್ದೆ ಅದು. ಆಮೇಲೆ ಏಳುವ ಹೊತ್ತು ಒಂದೇ ಇರಲಿ, ಆರೂವರೆ ಅಂದರೆ ಆರೂವರೆ. ಬೆಳಿಗ್ಗೆ ಮನೆಯಿಂದ ಹೊರಗೆ ಹೋಗಲು ಒಂದು ಕಾರಣ ಬೇಕು. ಬಲೆ ಕಟ್ಟುವ ಶೆಡ್ಡಿನಲ್ಲಿ ಕೆಲಸ ಇರುತ್ತದೆ, ಹರಿದ ಬಲೆ ಸರಿಮಾಡಲು ಅನುಭವದ ಕೈ ಬೇಕು. ಬೋಟು ಮೇಲೆ ಎಳೆದಿದ್ದರೆ ಪೈಂಟು, ಮರದ ಕೆಲಸ ಇರುತ್ತದೆ. ಮಳೆಗಾಲದಲ್ಲಿ ನಾಡದೋಣಿಗಳಿಗೆ ಅವಕಾಶ ಇದೆ, ಗೊತ್ತಿದ್ದವರ ತಂಡ ಇದ್ದರೆ ಕಡಲು ಶಾಂತ ಇದ್ದ ದಿನ ಹೋಗಬಹುದು. ಎರಡು ತಿಂಗಳೂ ದುಡಿಯಬೇಕು ಅಂತಲ್ಲ, ಬೆಳಗಿನ ನಾಲ್ಕು ಗಂಟೆ ಸಾಕು. ಸಂಜೆ 5ರಿಂದ 8, ಕುಡಿಯಲು ಹೊರಡುವ ಹೊತ್ತು, ಅದಕ್ಕೆ ಬೇರೆ ಏನಾದರೂ ಬೇಕು. ಮೀನಿನ ಸಾರು ಅವರು ಮಾಡುತ್ತಾರಾ? ಬೋಟಿನಲ್ಲಿ ಅಡುಗೆ ಮಾಡಿ ಅಭ್ಯಾಸ ಇರುವವರು ಬಹಳ ಜನ. ಸಂಜೆಯ ಅಡುಗೆಮನೆ ಅವರ ಕೈಗೆ ಕೊಟ್ಟು ನೋಡಿ.

ವರ್ಷದಲ್ಲಿ ಆಸ್ಪತ್ರೆಗೆ ಹೋಗಲು ಅವರಿಗೆ ಸಿಗುವುದೂ ಇದೇ ಎರಡು ತಿಂಗಳು. ಬಿಪಿ, ಶುಗರ್, ಕಣ್ಣು, ಹಲ್ಲು ಎಲ್ಲ ಜೂನ್‌ನಲ್ಲೇ ಮುಗಿಸಿ.

ಈಗ ಮುಖ್ಯ ವಿಷಯ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುವುದು, ಬೆವರುವುದು, ಇಲ್ಲದ್ದು ಕಾಣುವುದು, ಫಿಟ್ಸ್ ಕೂಡ ಬರಬಹುದು. ಜೀವಕ್ಕೇ ಅಪಾಯ ಅದು. ಹಾಗಾಗಿ ಬಾಟಲಿ ಅಡಗಿಸುವುದು, ಬಚ್ಚಲಿಗೆ ಸುರಿಯುವುದು, ದೇವರ ಮುಂದೆ ಆಣೆ ಹಾಕಿಸುವುದು ಬೇಡ. ಸರಕಾರಿ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಮೊದಲು ತೋರಿಸಿ, ಅವರು ಹೇಳಿದ ಹಾಗೆ ಬಿಡಿಸಬೇಕು. ವ್ಯಸನಮುಕ್ತಿಗೆ 14446 ಅನ್ನುವ ಸಹಾಯವಾಣಿಯೂ ಇದೆ. ಈ ಮಾತನ್ನು ಅಪ್ಪನ ಹತ್ತಿರ ಅವರು ಕುಡಿಯದ ಹೊತ್ತಿನಲ್ಲಿ, ಬೆಳಿಗ್ಗೆ, ಅಮ್ಮನೋ ಅವರು ಗೌರವ ಕೊಡುವ ತಂಡೇಲರೋ ಹೇಳಲಿ. ಕಾವಲು ಕಾಯುವ ಕೆಲಸ ನಿಮ್ಮದಲ್ಲ. ರಾತ್ರಿ ಕೈ ಎತ್ತುವ ಮಟ್ಟಕ್ಕೆ ಹೋದರೆ 112ಕ್ಕೆ ಫೋನ್ ಮಾಡಲು ಹಿಂಜರಿಯಬೇಡಿ.

ಪ್ರಶ್ನೆ: ಬ್ರಹ್ಮಾವರದ ಹತ್ತಿರ ನಮ್ಮ ಮನೆ, ನನಗೆ 58. ಕೈಬೆರಳ ಗಂಟುಗಳಲ್ಲಿ ರುಮಟಾಯ್ಡ್ ಸಂಧಿವಾತ. ನೋವು ಕಮ್ಮಿ ಇದ್ದ ದಿನ ಬಾಕಿ ಇದ್ದದ್ದೆಲ್ಲ ಮಾಡಿ ಮುಗಿಸುತ್ತೇನೆ, ಮತ್ತೆರಡು ದಿನ ಏಳಲು ಆಗುವುದಿಲ್ಲ. ಈಗ ಹಲಸಿನ ಹಪ್ಪಳದ ಕಾಲ. ಮಕ್ಕಳು ಬೇಡವೇ ಬೇಡ, ಅಂಗಡಿಯಿಂದ ತರುವ ಅನ್ನುತ್ತಾರೆ. ನನಗೆ ಬಿಡಲು ಮನಸ್ಸಿಲ್ಲ.

ಉತ್ತರ: ಬಿಡಬೇಡಿ. ಹಪ್ಪಳ ಅಂಗಡಿಯಲ್ಲಿ ಸಿಗುತ್ತದೆ. ಆದರೆ ನಿಮಗೆ ಬೇಕಾಗಿರುವುದು ಬರೇ ಹಪ್ಪಳ ಅಲ್ಲ ಅಂತ ನಿಮ್ಮ ಪತ್ರವೇ ಹೇಳುತ್ತದೆ. ಮಾಡುವ ರೀತಿ ಬದಲಾಗಬೇಕು ಅಷ್ಟೆ.

ನಿಮ್ಮ ತೊಂದರೆ ಎಲ್ಲಿದೆ ಅಂದರೆ, ಒಳ್ಳೆಯ ದಿನವನ್ನು ಪೂರಾ ಖರ್ಚು ಮಾಡಿಬಿಡುತ್ತೀರಿ. ನೋವು ಬಂದ ಮೇಲೆ ನಿಲ್ಲಿಸುತ್ತೀರಿ. ಈ ಕಾಯಿಲೆಯಲ್ಲಿ ನೋವು ಬರುವಾಗಲೇ ತಡವಾಗಿರುತ್ತದೆ. ಹಾಗಾಗಿ ನೋವು ನೋಡಿ ನಿಲ್ಲಿಸಬೇಡಿ, ಗಡಿಯಾರ ನೋಡಿ ನಿಲ್ಲಿಸಿ. ಇಪ್ಪತ್ತು ನಿಮಿಷ ಕೆಲಸ, ಹತ್ತು ನಿಮಿಷ ಕೈ ಮಡಿಲಲ್ಲಿ. ಏನೂ ನೋವಿಲ್ಲ, ಇನ್ನೂ ಮಾಡಬಹುದು ಅಂತ ಅನಿಸಿದರೂ ನಿಲ್ಲಿಸಬೇಕು, ಮುಖ್ಯವಾಗಿ ಆಗಲೇ.

ಹಪ್ಪಳವನ್ನೇ ತೆಗೆದುಕೊಳ್ಳುವ. ಹಿಟ್ಟು ಮಾಡಿದ ದಿನವೇ ಒತ್ತಿ ಮುಗಿಸಬೇಕು, ಇಲ್ಲದಿದ್ದರೆ ಹುಳಿ ಬರುತ್ತದೆ. ಆದ್ದರಿಂದ ಮೂರು ಹಲಸಿನಕಾಯಿ ಒಂದೇ ದಿನ ಬೇಡ, ಒಂದೇ ಸಾಕು. ಮುಂದಿನದು ಎರಡು ದಿನ ಬಿಟ್ಟು. ಹಲಸು ಕೊಯ್ಯುವುದು, ತುಂಡು ಮಾಡುವುದು, ಮೇಣ ಬಿಡಿಸುವುದು ಮಕ್ಕಳದ್ದು, ಅದು ಹಿಂದಿನ ಸಂಜೆಯೇ ಆಗಲಿ. ನಿಮ್ಮದು ಮರುದಿನ, ಅದೂ ಎದ್ದ ಕೂಡಲೇ ಅಲ್ಲ. ಬೆಳಿಗ್ಗೆ ಗಂಟುಗಳು ಬಿಗಿ ಹಿಡಿದಿರುತ್ತವೆ, ಬಿಸಿನೀರಿನಲ್ಲಿ ಕೈ ಇಟ್ಟು, ನಿಧಾನ ಬೆರಳು ಆಡಿಸಿ, ಒಂಬತ್ತೂವರೆ ಮೇಲೆ ಶುರುಮಾಡಿ. ಸೊಳೆ ಬೇಯಿಸಿದ ಮೇಲೆ ಒರಳಿನಲ್ಲಿ ಗುದ್ದುವುದು ಬೇಡ, ಗ್ರೈಂಡರ್ ಮಾಡಲಿ. ಉಪ್ಪು, ಮೆಣಸು, ಕೊತ್ತಂಬರಿ ಎಷ್ಟು ಅಂತ ನೀವು ರುಚಿ ನೋಡಿ ಹೇಳಿ, ಆ ಲೆಕ್ಕ ನಿಮ್ಮ ನಾಲಿಗೆಯಲ್ಲಿದೆ, ಮಗಳು ಬರೆದುಕೊಳ್ಳಲಿ. ಉಂಡೆ ಕಟ್ಟುವಾಗ ಬೆರಳ ತುದಿಯಿಂದ ಹಿಸುಕಬೇಡಿ, ಎರಡು ಅಂಗೈ ನಡುವೆ ಉರುಳಿಸಿ. ಒತ್ತುವುದಕ್ಕೆ ಉದ್ದ ಹಿಡಿಯ ಮಣೆ ಸಿಗುತ್ತದೆ. ಅದನ್ನು ಮೇಜಿನ ಮೇಲಿಟ್ಟು, ನಿಂತು, ಬೆರಳಲ್ಲಿ ಅಲ್ಲ, ಮುಂಗೈಯಿಂದ ಮೈಭಾರ ಹಾಕಿ ಒತ್ತಿ. ಪ್ಲಾಸ್ಟಿಕ್ ಹಾಳೆ ಬಿಡಿಸುವ ಚಿವುಟು ಕೆಲಸ ಮೊಮ್ಮಕ್ಕಳಿಗೆ ಕೊಡಿ, ರಜೆಯಲ್ಲಿ ಅವರಿಗೂ ಕೆಲಸ ಆಯಿತು. ಚಾಪೆಯನ್ನು ಅಂಗಳದ ನೆಲಕ್ಕೆ ಹಾಸಬೇಡಿ, ಎರಡು ಬೆಂಚು ಜೋಡಿಸಿ ಅದರ ಮೇಲೆ ಹಾಸಿ, ತಿರುಗಿಸಿ ಹಾಕಲು ಬಗ್ಗಬೇಕಾಗಿಲ್ಲ.

ಗಂಟು ಬಿಸಿಯಾಗಿ, ಕೆಂಪಾಗಿ ಊದಿದ ದಿನ ಯಾವ ಹಪ್ಪಳವೂ ಬೇಡ. ಮಾತ್ರೆ ತಪ್ಪಿಸಬೇಡಿ. ಬಟ್ಟೆ ಹಿಂಡುವುದು, ಪಾತ್ರೆ ಎತ್ತುವುದು, ಕಾಯಿ ತುರಿಯುವುದಕ್ಕೂ ಇದೇ ಲೆಕ್ಕ: ಚಿಕ್ಕ ಗಂಟಿನ ಕೆಲಸ ದೊಡ್ಡ ಗಂಟಿಗೆ ಕೊಡಿ. ಬಕೆಟ್ ಬೆರಳಲ್ಲಿ ಎತ್ತುವ ಬದಲು ಎರಡು ಕೈ ಅಡಿಗೆ ಕೊಟ್ಟು ಎತ್ತಿ, ಚೀಲ ಕೈಯಲ್ಲಿ ಹಿಡಿಯುವ ಬದಲು ಹೆಗಲಿಗೆ ಹಾಕಿ.

ಪ್ರಶ್ನೆ: ನಾನು ಯಕ್ಷಗಾನ ಮೇಳದಲ್ಲಿ ವೇಷಧಾರಿ, 36 ವರ್ಷ. ದೀಪಾವಳಿ ಕಳೆದು ತಿರುಗಾಟ ಹೊರಟರೆ ಮೇ ಕೊನೆಯ ಪತ್ತನಾಜೆವರೆಗೆ ರಾತ್ರಿಯೇ ನಮ್ಮ ಹಗಲು. ಆಟ ಮುಗಿಸಿ ಬೈಕಿನಲ್ಲಿ ಮನೆಗೆ, ಸ್ವಲ್ಪ ಮಲಗಿ ಮದುವೆ, ಪೂಜೆ ಅಂತ ಓಡಾಟ. ತೂಕ ಏರಿದೆ, ಹೊಟ್ಟೆ ಉರಿ ಇದೆ. ಕಲೆ ಬಿಡುವ ಪ್ರಶ್ನೆಯೇ ಇಲ್ಲ. ಏನು ಬದಲಿಸಲಿ?

ಉತ್ತರ: ಮೊದಲು ಬೈಕ್. ಉಳಿದದ್ದೆಲ್ಲ ಆಮೇಲೆ. 17ರಿಂದ 19 ಗಂಟೆ ಒಂದೇ ಸಮ ಎಚ್ಚರ ಇದ್ದವರ ಕೈಕಣ್ಣಿನ ಚುರುಕು, ರಕ್ತದಲ್ಲಿ ಶೇಕಡಾ 0.05 ಮದ್ಯ ಇರುವವರಷ್ಟೇ ಕುಸಿದಿರುತ್ತದೆ ಅಂತ ಸಂಶೋಧನೆಯಿಂದ ಗೊತ್ತಾಗಿದೆ. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಕಾನೂನು ಬಿಡುವುದು 0.03. ನೀವು ಒಂದು ಹನಿ ಕುಡಿಯದೆಯೂ ಬೆಳಗಾತ ಆ ಸ್ಥಿತಿಯಲ್ಲಿ ಗಾಡಿ ಓಡಿಸುತ್ತಿದ್ದೀರಿ. ಬಣ್ಣ ತೆಗೆದ ಮೇಲೆ ವೇಷ ಕಟ್ಟುವ ಚೌಕಿಯಲ್ಲೇ ಒಂದು ಗಂಟೆ ಮಲಗಿ ಹೊರಡಿ, ಇಲ್ಲವೇ ಮೇಳದ ವಾಹನದಲ್ಲಿ ಹೋಗಿ. ಇದರಲ್ಲಿ ರಾಜಿ ಬೇಡ ಮಾರಾಯ್ರೇ.

ನಿದ್ದೆ ತುಂಡು ತುಂಡಾಗಿ ಆಗುವುದಕ್ಕಿಂತ ಒಂದು ದೊಡ್ಡ ತುಂಡು ಬೇಕು. ಬೆಳಿಗ್ಗೆ ಮನೆಗೆ ಬರುವಾಗ ಕಪ್ಪು ಕನ್ನಡಕ ಹಾಕಿ, ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ಮೈ ಹಗಲಾಯಿತು ಅಂತ ಎಚ್ಚರಗೊಳ್ಳುತ್ತದೆ. ಕೋಣೆಗೆ ದಪ್ಪ ಪರದೆ, ಫ್ಯಾನ್, ಫೋನ್ ಸೈಲೆಂಟ್. 7ರಿಂದ 12 ನಿಮ್ಮ ನಿದ್ದೆಯ ಹೊತ್ತು ಅಂತ ಮನೆಯವರಿಗೂ ನೆಂಟರಿಗೂ ಗೊತ್ತಿರಲಿ. ಮದುವೆಗೆ ಊಟದ ಹೊತ್ತಿಗೆ ಹೋದರೆ ಸಾಕು, ಯಾರೂ ತಪ್ಪು ತಿಳಿಯುವುದಿಲ್ಲ. ಸಂಜೆ ವೇಷಕ್ಕೆ ಹೊರಡುವ ಮೊದಲು ಇನ್ನೊಂದು ಒಂದೂವರೆ ಗಂಟೆ ಮಲಗಿ. ರಾತ್ರಿ ಪೂರ್ತಿ ಊಟ ಆಟಕ್ಕೆ ಮೊದಲೇ ಆಗಲಿ, ನಡುರಾತ್ರಿ ಗೋಳಿಬಜೆ, ಚಾ ಬದಲು ಬಾಳೆಹಣ್ಣು, ಮಜ್ಜಿಗೆ. ಬೆಳಿಗ್ಗೆ ಮಲಗುವ ಮೊದಲು ಹೊಟ್ಟೆ ಬಿರಿಯೆ ತಿನ್ನುವುದು ಬಿಟ್ಟರೆ ಉರಿ ಅರ್ಧ ಇಳಿಯಬಹುದು. ಇಳಿಯದಿದ್ದರೆ ಡಾಕ್ಟ್ರಿಗೆ ತೋರಿಸಿ, ಶುಗರ್ ಕೂಡ ನೋಡಿಸಿ.

ಪತ್ತನಾಜೆ ಕಳೆದ ಮೇಲೆ ಒಂದೇ ದಿನದಲ್ಲಿ ರಾತ್ರಿ 10ಕ್ಕೆ ಮಲಗಲು ಹೋಗಬೇಡಿ, ನಿದ್ದೆ ಬರುವುದಿಲ್ಲ, ಸುಮ್ನೆ ಹೊರಳಾಡುತ್ತೀರಿ. ಎರಡು ದಿನಕ್ಕೊಮ್ಮೆ ಒಂದೊಂದು ಗಂಟೆ ಹಿಂದೆ ತನ್ನಿ. ಆಗ ಬೆಳಗಿನ ಬಿಸಿಲಿಗೆ ಬೇಕೆಂದೇ ಹೊರಗೆ ಬನ್ನಿ, ಕನ್ನಡಕ ಬೇಡ. ಎರಡು ಮೂರು ವಾರದಲ್ಲಿ ಮೈ ಹೊಂದಿಕೊಳ್ಳುತ್ತದೆ. ಮಳೆಗಾಲದಲ್ಲಿ ಅಭ್ಯಾಸದ ಕುಣಿತ ವಾರಕ್ಕೆ ಮೂರು ನಾಲ್ಕು ದಿನವಾದರೂ ಇಟ್ಟುಕೊಳ್ಳಿ. ಆರು ತಿಂಗಳು ಕುಣಿದ ಮೈ ಆರು ತಿಂಗಳು ಕೂತರೆ ಮುಂದಿನ ತಿರುಗಾಟದ ಮೊದಲ ವಾರವೇ ಮೊಣಕಾಲು ಕೈಕೊಡುತ್ತದೆ.